ಊರಿಗೆ ಬಂದ ಪಾದ್ರಿ ಸಂಸಾರ

ಮಂಗಳೂರಿನ ಬಲ್ಮಠದ ದಾರಿಯಲ್ಲಿ ನೀವು ಎಂದಾದರೂ ಹೋಗಿರುತ್ತೀರಿ. ಬಾಸೆಲ್ ಮಿಶನ್ ಎಂಬ ಹೆಸರೂ ನಿಮಗೆ ಹೊಸತಲ್ಲ. ಹಂಚಿನ ಕಾರ್ಖಾನೆ, ಅಚ್ಚುಕೂಟ, ಶಾಲೆಗಳು, 1843ರಲ್ಲಿ ಹೊರಟ ‘ಮಂಗಳೂರ ಸಮಾಚಾರ’, 1894ರ ಕಿಟೆಲ್ ನಿಘಂಟು... ಇವೆಲ್ಲ ನಮ್ಮ ಮಕ್ಕಳು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಸಂಗತಿಗಳು. ಆದರೆ ಈ ಕೆಲಸಗಳನ್ನು ಮಾಡಿದವರಿಗೆ ಹೆಂಡತಿ ಮಕ್ಕಳಿದ್ದರು, ಅವರಿಗೂ ಒಂದು ಹುಟ್ಟೂರಿತ್ತು, ಹಲವು ವರ್ಷಗಳಿಗೊಮ್ಮೆ ಅವರೂ ರಜೆಯ ಮೇಲೆ ಆ ಊರಿಗೆ ಹೋಗುತ್ತಿದ್ದರು ಎಂಬುದನ್ನು ನಾವು ಯೋಚಿಸುವುದು ಕಡಿಮೆ. ಅವರ ಮತಪ್ರಚಾರದ ಬಗ್ಗೆ ನನಗೆ ನನ್ನ ಅಭಿಪ್ರಾಯವಿದೆ, ನಿಮಗೆ ನಿಮ್ಮದಿರುತ್ತದೆ. ಇಂದು ಅದನ್ನು ಬದಿಗಿಡೋಣ. ಅವರ ಮನೆಯೊಳಗೆ ಒಮ್ಮೆ ಇಣುಕಿದರೆ ನಮ್ಮ ಕರಾವಳಿಯ ಎಷ್ಟೋ ಮನೆಗಳ ಕಥೆಯೇ ಅಲ್ಲಿ ಕಾಣಸಿಗುತ್ತದೆ.

ಬಾಸೆಲ್ ಎಂಬುದು ಸ್ವಿಟ್ಜರ್ಲೆಂಡಿನಲ್ಲಿ ರೈನ್ ನದಿಯ ದಡದ ಒಂದು ನಗರ. 1815ರಲ್ಲಿ ಅಲ್ಲಿ ಈ ಸಂಸ್ಥೆ ಹುಟ್ಟಿತು. ಅದರ ಮೊದಲ ಮೂವರು ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಬೆನ್ನಿಗೆ ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ಹಳ್ಳಿ ಪಟ್ಟಣಗಳ ಸಾಧಾರಣ ಮನೆಗಳ ಹುಡುಗರು. ಅವಿವಾಹಿತರಾಗಿಯೇ ಹೊರಡಬೇಕು ಎಂಬುದು ಅವರ ಮೇಲಿದ್ದ ಕಟ್ಟಳೆ. ಕೆಲವು ವರ್ಷ ಇಲ್ಲಿ ದುಡಿದ ಮೇಲೆ ಬಾಸೆಲಿನ ಕಮಿಟಿಗೆ ಅರ್ಜಿ ಬರೆದು ಮದುವೆಗೆ ಅಪ್ಪಣೆ ಕೇಳಬೇಕು. ಅಪ್ಪಣೆ ಸಿಕ್ಕಿದರೂ ಹುಡುಗಿ ಯಾರು ಎಂಬುದಕ್ಕೆ ಮತ್ತೆ ಕಮಿಟಿಯ ಒಪ್ಪಿಗೆ ಬೇಕು. ಹಾಗಾಗಿ ಎಷ್ಟೋ ಹೆಣ್ಣುಮಕ್ಕಳು ಒಮ್ಮೆಯೂ ಮುಖ ಕಾಣದ ವರನನ್ನು ಹುಡುಕಿಕೊಂಡು ಹಡಗು ಹತ್ತಿದರು. ಹಿರಿಯರು ನೋಡಿ ಮಾಡುವ ಮದುವೆ ನಮ್ಮಲ್ಲಿ ಮಾತ್ರ ಉಂಟು ಎಂದು ಅಣಕಿಸುವವರು ಸಿಕ್ಕಿದರೆ ಈ ಕಥೆ ಹೇಳಿ ನೋಡಿ.

1869ರಲ್ಲಿ ಸುಯೆಜ್ ಕಾಲುವೆ ತೆರೆಯುವ ಮೊದಲು ಹಡಗುಗಳು ಇಡೀ ಆಫ್ರಿಕಾ ಖಂಡವನ್ನು ಸುತ್ತಿ ಬರಬೇಕಿತ್ತು. ಪ್ರಯಾಣಕ್ಕೆ ನಾಲ್ಕೈದು ತಿಂಗಳು ಬೇಕು. ಹೀಗಿರುವಾಗ ಊರಿಗೆ ಹೋಗಿ ಬರುವ ಮಾತೆಲ್ಲಿ? ವರ್ಷಕ್ಕೊಮ್ಮೆ ರಜೆ ಎಂಬುದು ಕನಸಿನಲ್ಲೂ ಇರಲಿಲ್ಲ. ಎಂಟು ಹತ್ತು ವರ್ಷ ಕಳೆದ ಮೇಲೆ, ಅದೂ ಹೆಚ್ಚಾಗಿ ಆರೋಗ್ಯ ಪೂರ್ತಿ ಕೆಟ್ಟಾಗ, ಕಮಿಟಿ ರಜೆ ಕೊಡುತ್ತಿತ್ತು.

ಇಷ್ಟಾದರೂ ಸಹಿಸಬಹುದಿತ್ತು. ಕಠಿಣವಾಗಿದ್ದದ್ದು ಮಕ್ಕಳ ವಿಷಯ. ಪಾದ್ರಿಗಳ ಮಕ್ಕಳು ಶಾಲೆಗೆ ಹೋಗುವ ವಯಸ್ಸಿಗೆ ಬಂದರೆ, ಎಂದರೆ ಸುಮಾರು ಆರು ವರ್ಷವಾದರೆ, ಅವರನ್ನು ಯೂರೋಪಿಗೆ ಕಳುಹಿಸಬೇಕು ಎಂದು 1853ರಲ್ಲಿ ಸಂಸ್ಥೆ ನಿಯಮ ಮಾಡಿತು. ಅದಕ್ಕೆ ಕಾರಣಗಳಿದ್ದವು. ಇಲ್ಲಿನ ಜ್ವರ, ಬೇಧಿ, ಕಾಲರಾಗಳಿಗೆ ಎಷ್ಟೋ ಕಂದಮ್ಮಗಳು ಬಲಿಯಾಗಿದ್ದವು. ಶಾಲೆಯ ಪ್ರಶ್ನೆಯಿತ್ತು. ಇನ್ನೊಂದು ಭಯವೂ ಇತ್ತು. ಮಕ್ಕಳು ದಿನವಿಡೀ ಆಯಾಗಳ ಸೊಂಟದ ಮೇಲೆ ಬೆಳೆದು ಜರ್ಮನ್ ಮಾತಿಗಿಂತ ಮೊದಲು ಕನ್ನಡ, ತುಳು, ಮಲಯಾಳಂ ಕಲಿಯುತ್ತಿದ್ದರು. ಈ ನೆಲದವರಿಗೆ ದೇವರ ವಾಕ್ಯ ತಿಳಿಸಲು ಬಂದವರಿಗೆ ತಮ್ಮ ಮಕ್ಕಳು ಈ ನೆಲದವರೇ ಆಗಿಬಿಟ್ಟಾರು ಎಂಬ ಆತಂಕ!

ಬಾಸೆಲಿನಲ್ಲಿ ಇಂತಹ ಮಕ್ಕಳಿಗಾಗಿಯೇ ಮಿಶನ್ ಮನೆಗಳನ್ನು ನಡೆಸುತ್ತಿತ್ತು. ಗಂಡುಮಕ್ಕಳಿಗೆ ಒಂದು, ಹೆಣ್ಣುಮಕ್ಕಳಿಗೆ ಇನ್ನೊಂದು. ಒಂದೇ ಹಡಗಿನಲ್ಲಿ ಕೈಹಿಡಿದುಕೊಂಡು ಬಂದ ಅಣ್ಣ ತಂಗಿ ಅಲ್ಲಿ ಬೇರೆ ಬೇರೆಯಾಗಬೇಕಿತ್ತು. ಕೆಲವರು ಅಜ್ಜಿಯ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ಉಳಿದರು. ತಂದೆ ತಾಯಿ ಉಳಿದದ್ದು ಕಾಗದದಲ್ಲಿ ಮಾತ್ರ.

ಮೇರಿ ಗುಂಡರ್ಟ್ ಎಂಬ ಹುಡುಗಿಯ ಬಗ್ಗೆ ನಿಮಗೆ ಹೇಳಬೇಕು. ಅವಳು ಹುಟ್ಟಿದ್ದು 1842ರಲ್ಲಿ, ನಮ್ಮ ನೆರೆಯ ತಲಶ್ಶೇರಿಯಲ್ಲಿ. ತಂದೆ ಹರ್ಮನ್ ಗುಂಡರ್ಟ್ ಮಲಯಾಳಂ ನಿಘಂಟು ಬರೆದ ದೊಡ್ಡ ವಿದ್ವಾಂಸರು. ತಾಯಿ ಜೂಲಿ ಫ್ರೆಂಚ್ ಮಾತಾಡುವ ಸ್ವಿಸ್ ಹೆಣ್ಣುಮಗಳು. ಮೇರಿಗೆ ನಾಲ್ಕು ವರ್ಷವಿರುವಾಗ ಈ ಸಂಸಾರ ಯೂರೋಪಿಗೆ ಹೋಗಿತ್ತು. ಭೇಟಿಯ ದಿನಗಳು ಮುಗಿದವು, ತಂದೆ ತಾಯಿ ಮತ್ತೆ ಹಡಗು ಹತ್ತಿದರು. ಮೇರಿ ಅಲ್ಲೇ ಉಳಿದಳು. ಆಗಿನ್ನೂ 1853ರ ನಿಯಮ ಬಂದಿರಲಿಲ್ಲ, ಆದರೆ ರೂಢಿ ಬಂದಿತ್ತು. ಅವಳು ಮತ್ತೆ ತಾಯಿಯ ಮುಖ ಕಂಡದ್ದು 1857ರ ಕೊನೆಗೆ ಭಾರತಕ್ಕೆ ಬಂದಾಗ, ಹದಿನೈದನೆಯ ವಯಸ್ಸಿನಲ್ಲಿ. ನಡುವೆ ಹೆಚ್ಚುಕಡಿಮೆ ಹನ್ನೊಂದು ವರ್ಷ! ನಾಲ್ಕು ವರ್ಷದ ಮಗುವನ್ನು ಬಿಟ್ಟು ಹೋದ ತಾಯಿಯ ಎದುರು ಬೆಳೆದ ಹುಡುಗಿಯೊಬ್ಬಳು ಬಂದು ನಿಂತಾಗ ಇಬ್ಬರೂ ಮೊದಲು ಏನು ಮಾತಾಡಿರಬಹುದು? ಓದುವ ತಾಯಂದಿರು ಒಂದು ಗಳಿಗೆ ಯೋಚಿಸಿ ನೋಡಿ.

ಇನ್ನು ರಜೆಯಲ್ಲಿ ಊರಿಗೆ ಹೋದ ಪಾದ್ರಿಯ ಸ್ಥಿತಿ ಹೇಗಿತ್ತು? ಹತ್ತು ವರ್ಷದ ಬಿಸಿಲಿಗೆ ಕಂದಿ, ಜ್ವರಕ್ಕೆ ಸೊರಗಿದ ದೇಹ. ಅಲ್ಲಿನ ಚಳಿ ಈಗ ಒಗ್ಗುವುದಿಲ್ಲ. ತಂದೆ ತಾಯಿಯಲ್ಲಿ ಒಬ್ಬರಾದರೂ ತೀರಿಹೋಗಿರುತ್ತಾರೆ. ಸರಿ, ಸ್ವಲ್ಪ ವಿಶ್ರಾಂತಿ ಪಡೆಯೋಣ ಎಂದರೆ ಅದಕ್ಕೂ ಬಿಡುವಿಲ್ಲ. ರಜೆಯಲ್ಲಿ ಬಂದವರು ಊರೂರು ತಿರುಗಿ ಚರ್ಚುಗಳಲ್ಲಿ ಭಾಷಣ ಮಾಡಬೇಕು, ಚಂದಾ ಕೂಡಿಸಬೇಕು. ಬಾಸೆಲಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಮಿಶನ್ ಉತ್ಸವಕ್ಕೆ ದೂರದ ಹಳ್ಳಿಗಳಿಂದಲೂ ಜನ ಸೇರುತ್ತಿದ್ದರು. ಅವರಿಗೆ ಹಾವು, ಹುಲಿ, ಜಾತ್ರೆ, ತೇರುಗಳ ಕಥೆ ಬೇಕು. ‘ಮಂಗಳೂರ ಸಮಾಚಾರ’ದ ಮೊಗ್ಲಿಂಗ್ 1846ರಲ್ಲಿ ಊರಿಗೆ ಹೋದಾಗ ಆನಂದರಾವ್ ಕೌಂಡಿನ್ಯ ಎಂಬ ಮತಾಂತರಗೊಂಡ ತರುಣನೂ ಜೊತೆಗಿದ್ದ. ಆತ ಅಲ್ಲೇ ಓದಿ ಪಾದ್ರಿಯಾಗಿ ಹಿಂತಿರುಗಿದ. ಭಾರತದ ಬಗ್ಗೆ ಕೇಳಿ ಮಾತ್ರ ಗೊತ್ತಿದ್ದ ಜನ ಆ ಹುಡುಗನನ್ನು ಹೇಗೆ ದಿಟ್ಟಿಸಿರಬಹುದು!

ಊರಿಗೆ ಬಂದವನ ಹತ್ತಿರ ಜನ ಕೇಳುವುದು ಅವರಿಗೆ ಬೇಕಾದ ಕಥೆಯನ್ನು. ಇದು ಪಾದ್ರಿಗಳಿಗೆ ಮಾತ್ರ ಆದದ್ದಲ್ಲ. ದಮ್ಮಾಮ್‌ನಿಂದಲೋ ಶಾರ್ಜಾದಿಂದಲೋ ಬಂದ ನಿಮ್ಮ ಅಣ್ಣನನ್ನು ಜನ ಏನು ಕೇಳುತ್ತಾರೆ? ಸಂಬಳ ಎಷ್ಟು, ವೀಸಾ ಉಂಟಾ, ಹೊಸ ಮನೆಗೆ ಪಂಚಾಂಗ ಹಾಕುವುದು ಯಾವಾಗ. ಒಂದು ಕೋಣೆಯಲ್ಲಿ ಎಂಟು ಮಂದಿ ಮಲಗುವ ಕಥೆ ಅವನೂ ಹೇಳುವುದಿಲ್ಲ, ಇವರೂ ಕೇಳುವುದಿಲ್ಲ.

ನಾನು ಏಳನೆಯ ತರಗತಿಗೆ ‘ನನ್ನ ತಂದೆ’ ಎಂಬ ಪ್ರಬಂಧ ಬರೆಯಲು ಕೊಟ್ಟಿದ್ದೆ. ಒಬ್ಬ ಹುಡುಗ ಒಂದೂವರೆ ಪುಟ ಬರೆದಿದ್ದ. ಟಾಂಗ್ ಪುಡಿ, ಕೊಡಲಿ ಮಾರ್ಕಿನ ಎಣ್ಣೆ, ಹುಲಿಯ ಚಿತ್ರದ ಕಂಬಳಿ, ಅತ್ತರು, ಬ್ಯಾಟರಿಯ ಕಾರು... ಬಾಪ ತಂದ ಸಾಮಾನುಗಳ ಪಟ್ಟಿ ಪೂರ್ತಿ ಇತ್ತು. ಬಾಪನ ಬಗ್ಗೆ ಇದ್ದದ್ದು ಒಂದೇ ವಾಕ್ಯ: “ಅವರು 45 ದಿನ ಇರುತ್ತಾರೆ.” ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಹತ್ತಕ್ಕೆ ಎಂಟು ಅಂಕ ಕೊಟ್ಟೆ. ಬೇರೇನು ಬರೆಯಬೇಕಿತ್ತು ಎಂದು ಆ ಹುಡುಗನಿಗೆ ಹೇಳಲು ನನ್ನಲ್ಲೂ ಮಾತಿರಲಿಲ್ಲ.

ಕಿಟೆಲ್ ಅವರ ವಿಷಯಕ್ಕೆ ಬರೋಣ. ಅವರು 1853ರಲ್ಲಿ ಭಾರತಕ್ಕೆ ಬಂದವರು. ಮೊದಲ ಹೆಂಡತಿ ಪೌಲೀನಾ ತೀರಿಕೊಂಡ ಮೇಲೆ ಆಕೆಯ ಸಹೋದರಿ ಜೂಲಿಯನ್ನು ಮದುವೆಯಾದರು. 1877ರಲ್ಲಿ ಸಂಸಾರ ಜರ್ಮನಿಗೆ ಮರಳಿತು. ಅಲ್ಲಿಗೆ ಕಥೆ ಮುಗಿಯಬಹುದಿತ್ತು. ಆದರೆ ನಿಘಂಟು ಅರ್ಧದಲ್ಲಿತ್ತು. ಕನ್ನಡದ ಮಾತುಗಳನ್ನು ಕನ್ನಡಿಗರ ಬಾಯಿಂದಲೇ ಕೇಳಬೇಕು, ಪಂಡಿತರ ಬಳಿ ಕುಳಿತು ಅರ್ಥ ವಿಚಾರಿಸಬೇಕು, ಓಲೆಗರಿ ನೋಡಬೇಕು. ಹೀಗಾಗಿ 1883ರಲ್ಲಿ, ಐವತ್ತು ದಾಟಿದ ಮೇಲೆ, ಅವರು ಹೆಂಡತಿ ಮಕ್ಕಳನ್ನು ಅಲ್ಲೇ ಬಿಟ್ಟು ಮತ್ತೆ ಬಂದರು. ಹಿಂತಿರುಗಿದ್ದು 1892ರಲ್ಲಿ. ಸುಮಾರು 70,000 ಶಬ್ದಗಳ ಆ ಮಹಾಗ್ರಂಥ 1894ರಲ್ಲಿ ಮಂಗಳೂರಿನ ಅಚ್ಚುಕೂಟದಿಂದ ಹೊರಬಂದಾಗ ಅವರು ಜರ್ಮನಿಯಲ್ಲಿದ್ದರು. 1903ರಲ್ಲಿ ಟ್ಯೂಬಿಂಗನ್ ಎಂಬಲ್ಲಿ ತೀರಿಕೊಂಡರು.

ಬಿ.ಎ. ಓದುವಾಗ ನಾನು ಆ ನಿಘಂಟನ್ನು ಗ್ರಂಥಾಲಯದಲ್ಲಿ ಎಷ್ಟು ಸಲ ತಿರುವಿದ್ದೇನೋ! ಇಂದಿಗೂ ಒಂದು ಶಬ್ದದ ಬಗ್ಗೆ ಸಂಶಯ ಬಂದರೆ ಮೊದಲು ನೆನಪಾಗುವುದು ಅದೇ. ಕನ್ನಡಿಗರು ಕಿಟೆಲ್ಲರ ಋಣದಲ್ಲಿದ್ದೇವೆ ಎಂದು ಸಭೆಗಳಲ್ಲಿ ಹೇಳುತ್ತೇವೆ. ಸರಿಯೇ. ಆದರೆ ಆ ಒಂಬತ್ತು ವರ್ಷ ಮನೆಯನ್ನು ಒಬ್ಬಳೇ ನಡೆಸಿದ ಜೂಲಿಯ ಹೆಸರನ್ನು ಯಾವ ಸಭೆಯಲ್ಲೂ ನಾನು ಕೇಳಿಲ್ಲ.

ಈ ಪಾದ್ರಿಗಳನ್ನು ಕಲ್ಲುಹೃದಯದವರು ಎಂದು ನಾನು ಹೇಳುವುದಿಲ್ಲ. ಅವರ ನಂಬಿಕೆ ಅಷ್ಟು ಗಟ್ಟಿಯಾಗಿತ್ತು, ದೇವರಿಗಾಗಿ ಬಿಟ್ಟಿದ್ದೇವೆ, ದೇವರೇ ನೋಡಿಕೊಳ್ಳುತ್ತಾನೆ ಎಂದುಕೊಂಡರು. ಒಂದು ಧ್ಯೇಯಕ್ಕಾಗಿ ತಾನು ಕಷ್ಟಪಡುವೆನೆಂದು ದೊಡ್ಡವನೊಬ್ಬ ತೀರ್ಮಾನಿಸಿದರೆ ಅದು ಅವನ ಹಕ್ಕು. ಆದರೆ ಆರು ವರ್ಷದ ಮಗುವಿನ ಪಾಲಿನ ಕಷ್ಟವನ್ನೂ ಅವನೇ ತೀರ್ಮಾನಿಸಿಬಿಡುವುದು ನನಗೆ ಸರಿಕಾಣುವುದಿಲ್ಲ. ಅದನ್ನು ಮಾಡಿದವನು ಪಾದ್ರಿಯಾಗಿರಲಿ, ಮೌಲವಿಯಾಗಿರಲಿ, ಇಂಜಿನಿಯರ್ ಆಗಿರಲಿ.

ಮೇರಿಯ ಬದುಕಿನ ಉಳಿದ ಭಾಗವನ್ನೂ ಹೇಳಿಬಿಡುತ್ತೇನೆ. ಮೊದಲ ಗಂಡ ತೀರಿಕೊಂಡ ಮೇಲೆ ಅವರು 1874ರಲ್ಲಿ ಯೊಹಾನ್ನೆಸ್ ಹೆಸ್ಸೆ ಎಂಬ ಇನ್ನೊಬ್ಬ ಪಾದ್ರಿಯನ್ನು ಮದುವೆಯಾದರು. ಆತ ಭಾರತದಲ್ಲಿ ಕೆಲವು ವರ್ಷ ದುಡಿದು ಆರೋಗ್ಯ ಕೆಟ್ಟು ಹಿಂತಿರುಗಿದವರು. ಅವರ ಮಗನೇ 1946ರಲ್ಲಿ ನೊಬೆಲ್ ಪಡೆದ ಸಾಹಿತಿ ಹರ್ಮನ್ ಹೆಸ್ಸೆ. ಈ ಹುಡುಗ ಚಿಕ್ಕವನಿರುವಾಗ ಮಹಾ ಹಟಮಾರಿ. ಸಂಸಾರ ಬಾಸೆಲಿನಲ್ಲೇ ವಾಸವಾಗಿದ್ದರೂ ಅವನನ್ನು ಸ್ವಲ್ಪ ಕಾಲ ಮಿಶನ್ನಿನ ಅದೇ ಗಂಡುಮಕ್ಕಳ ಮನೆಯಲ್ಲಿ ಬಿಟ್ಟಿದ್ದರು. ತಾನು ಮಗುವಾಗಿದ್ದಾಗ ತಾಯಿಯಿಲ್ಲದೆ ಕಳೆದವಳು ತನ್ನ ಮಗುವನ್ನೂ ಬಿಟ್ಟಳೇ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತು. ಹಾಸ್ಟೆಲಿನಲ್ಲಿ ಬೆಳೆದ ತಂದೆಯೇ “ನನಗೇನು ಆಗಿದೆ, ಇವನೂ ಬೆಳೆಯಲಿ” ಎಂದು ಮಗನ ಪೆಟ್ಟಿಗೆ ಕಟ್ಟುವುದನ್ನು ನಾವೂ ನೋಡಿದ್ದೇವಲ್ಲ.

ಕೊನೆಗೆ ಒಂದು ದಿನ ಈ ಸಂಸಾರಗಳೆಲ್ಲ ಒಟ್ಟಿಗೆ ಊರಿಗೆ ಹೋಗಬೇಕಾಯಿತು. ಅದು ರಜೆಯಾಗಿರಲಿಲ್ಲ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರಕಾರಕ್ಕೆ ಜರ್ಮನ್ ಪಾದ್ರಿಗಳು ಶತ್ರು ದೇಶದವರಾದರು. ಸೈನ್ಯಕ್ಕೆ ಸೇರುವ ವಯಸ್ಸಿನ ಗಂಡಸರನ್ನು ಅಹ್ಮದ್‌ನಗರದಲ್ಲಿ ಕೂಡಿಹಾಕಿದರು. ಹೆಂಗಸರು, ಮಕ್ಕಳು, ಮುದುಕರನ್ನು 1915-16ರಲ್ಲಿ ‘ಗೋಲ್ಕೊಂಡ’ ಎಂಬ ಹಡಗಿನಲ್ಲಿ ಹೊರಗೆ ಕಳುಹಿಸಿದರು. ಇಲ್ಲೇ ಹುಟ್ಟಿದ ಆ ಮಕ್ಕಳಿಗೆ ಜರ್ಮನಿ ಎಂಬುದು ತಂದೆ ತಾಯಿಯ ಬಾಯಲ್ಲಿ ಕೇಳಿದ ಒಂದು ಹೆಸರು. ಅವರನ್ನು ಊರಿಗೆ ಕಳುಹಿಸುತ್ತಿದ್ದೇವೆ ಎಂದು ಸರಕಾರ ಹೇಳಿತು.

ಕುವೈತ್ ಮೇಲೆ 1990ರಲ್ಲಿ ಇರಾಕ್ ದಾಳಿ ಮಾಡಿದಾಗ ಉಟ್ಟ ಬಟ್ಟೆಯಲ್ಲಿ ಬಂದಿಳಿದ ಸಂಸಾರಗಳು ನಿಮ್ಮ ಊರಿನಲ್ಲೂ ಇರಬಹುದು. ಅಲ್ಲಿ ಹುಟ್ಟಿ ಬೆಳೆದು ಇಲ್ಲಿನ ಶಾಲೆಗೆ ಸೇರಿದ ಮಕ್ಕಳು ಕನ್ನಡ ಅಕ್ಷರಮಾಲೆಯಿಂದ ಶುರು ಮಾಡಬೇಕಾಯಿತು. ಹತ್ತು ವರ್ಷದ ಹುಡುಗಿಯನ್ನು ಒಂದನೆಯ ತರಗತಿಯ ಪುಸ್ತಕದೊಂದಿಗೆ ಕೂರಿಸಿದರೆ ಅವಳ ಮುಖ ಹೇಗಿರುತ್ತದೆ ಎಂಬುದು ಶಿಕ್ಷಕರಿಗೆ ಗೊತ್ತು.

ಇಂದು ಕಾಗದಕ್ಕೆ ತಿಂಗಳುಗಟ್ಟಲೆ ಕಾಯಬೇಕಿಲ್ಲ. ಪ್ರತಿ ರಾತ್ರಿ ವೀಡಿಯೊ ಕಾಲ್ ಇದೆ. ಅದು ದೊಡ್ಡ ಅನುಗ್ರಹ, ಅಲ್‌ಹಮ್ದುಲಿಲ್ಲಾಹ್. ಆದರೆ ಮೊಬೈಲಿನಲ್ಲಿ “ಬಾಪಾ” ಎಂದು ಮುತ್ತು ಕೊಡುವ ಮೂರು ವರ್ಷದ ಮಗುವೇ ವಿಮಾನ ನಿಲ್ದಾಣದಲ್ಲಿ ಅಜ್ಜಿಯ ಸೀರೆಯ ಹಿಂದೆ ಅಡಗಿಕೊಳ್ಳುತ್ತದೆ. “ನಿನ್ನ ಬಾಪ ಅಲ್ವಾ, ಹೋಗು, ಹೋಗು” ಎಂದು ಎಲ್ಲರೂ ಮುಂದಕ್ಕೆ ತಳ್ಳುತ್ತಾರೆ. ದಯವಿಟ್ಟು ತಳ್ಳಬೇಡಿ. ಎರಡು ದಿನ ಬಿಡಿ. ಅದೇ ಬಂದು ಮಡಿಲಲ್ಲಿ ಕುಳಿತುಕೊಳ್ಳುತ್ತದೆ.

ನಿಮ್ಮ ಮನೆಗೆ ಈ ಸಲ ಯಾರಾದರೂ ರಜೆಯಲ್ಲಿ ಬರುವವರಿದ್ದರೆ ಆ 45 ದಿನಗಳ ಲೆಕ್ಕವನ್ನು ಈಗಲೇ ಹಾಕಿ. ಮದುವೆಗಳೆಷ್ಟು, ನೆಂಟರ ಮನೆಗಳೆಷ್ಟು, ಮನೆ ಕೆಲಸದವರ ಹಿಂದೆ ಓಡುವುದೆಷ್ಟು ಎಂದು ಕಳೆದು ನೋಡಿ. ಉಳಿದ ದಿನಗಳಲ್ಲಿ ಒಂದು ಬೆಳಿಗ್ಗೆ ಮಗುವಿನ ಜೊತೆ ನಡೆದುಕೊಂಡು ಶಾಲೆಗೆ ಬನ್ನಿ. ಪೋಷಕರ ಸಭೆಯ ದಿನವೇ ಆಗಬೇಕೆಂದಿಲ್ಲ, ಇಸ್ತ್ರಿ ಅಂಗಿಯೂ ಬೇಡ. ಹಾಜರಿ ಕರೆದ ಮೇಲೆ ಬಂದರೂ ನಾವೇನೂ ಹೇಳುವುದಿಲ್ಲ.