ಮಳಿ ಬರಾಕತ್ತೈತಿ ಅಂದರೆ ಹಾಗೇ ಬರೆಯಿರಿ

ಕಂಪ್ಯೂಟರಿಗೆ ನಮ್ಮ ಮಾತು ಕಲಿಸುವ ಸಂಶೋಧಕರು ಈಗ ಜಿಲ್ಲೆಗಳಿಗೇ ಬರುತ್ತಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಆರ್ಟ್‌ಪಾರ್ಕ್ ಮತ್ತು ಗೂಗಲ್ ಸೇರಿ ನಡೆಸುವ ‘ವಾಣಿ’ ಯೋಜನೆಗೆ ದೇಶದ ಎಲ್ಲ ಜಿಲ್ಲೆಗಳ ಮಾತು ಬೇಕು. ಅದರಲ್ಲಿ ಓದಲು ಸಿದ್ಧ ವಾಕ್ಯ ಕೊಡುವುದಿಲ್ಲ. ಚಿತ್ರವೊಂದನ್ನು ತೋರಿಸಿ, ಇದರಲ್ಲಿ ಏನು ಕಾಣುತ್ತದೆ ಹೇಳಿ ಅನ್ನುತ್ತಾರೆ. ಸ್ಟುಡಿಯೋದಲ್ಲಿ ವಾರ್ತೆ ಓದುವವರ ಕನ್ನಡವನ್ನೇ ಕನ್ನಡ ಅಂದುಕೊಳ್ಳದೆ ಊರಿಗೆ ಬಂದದ್ದಕ್ಕೆ ಅವರನ್ನು ಮೆಚ್ಚಲೇಬೇಕು.

ನನ್ನ ತಕರಾರು ಆಮೇಲಿನ ಕೆಲಸದ್ದು. ಧ್ವನಿ ಸಿಕ್ಕರೆ ಸಾಲದು, ಅದನ್ನು ಯಾರಾದರೂ ಕೇಳಿ ಅಕ್ಷರಕ್ಕೆ ಇಳಿಸಬೇಕು. ಗದಗಿನವರು ‘ಮಳಿ ಬರಾಕತ್ತೈತಿ’ ಅಂದಿರುತ್ತಾರೆ, ಮಂಡ್ಯದವರು ‘ಮಳೆ ಬತ್ತಾ ಅದೆ’ ಅಂದಿರುತ್ತಾರೆ. ಬರೆಯುವವರ ಬೆರಳು ಎರಡನ್ನೂ ‘ಮಳೆ ಬರುತ್ತಿದೆ’ ಮಾಡಿಬಿಟ್ಟರೆ? ಪತ್ರಿಕೆಯ ಡೆಸ್ಕಿನಲ್ಲಿ ಇದು ದಿನನಿತ್ಯದ ರಿವಾಜು. ಅಲ್ಲಿ ಹೋಗುವುದು ಮಾತಿನ ಸೊಗಡು ಮಾತ್ರ, ಸುದ್ದಿ ಉಳಿಯುತ್ತದೆ. ಇಲ್ಲಿ ಹಾಗಲ್ಲ. ಯಂತ್ರ ಎಷ್ಟು ಪದ ತಪ್ಪಿತು ಎಂದು ಎಣಿಸುವುದು ಮನುಷ್ಯ ಬರೆದದ್ದರ ಜೊತೆ ಹೋಲಿಸಿ. ಹಾಗಾದಾಗ ಗದಗಿನ ಮಾತನ್ನು ಸರಿಯಾಗಿ ಕೇಳಿಸಿಕೊಂಡ ಯಂತ್ರಕ್ಕೇ ಅಂಕ ಕಡಿಮೆ! ಆ ಎಣಿಕೆಯೂ ಕನ್ನಡಕ್ಕೆ ಹೊಂದುವುದಿಲ್ಲ. ಮನುಷ್ಯ ‘ಮಳೆಯಿಲ್ಲ’ ಎಂದು ಕೂಡಿಸಿ ಬರೆದು, ಯಂತ್ರ ‘ಮಳೆ ಇಲ್ಲ’ ಎಂದು ಬಿಡಿಸಿ ಬರೆದರೆ ಲೆಕ್ಕದಲ್ಲಿ ಎರಡು ತಪ್ಪು. ಒಂದು ಪದ ಬದಲಾಗಿದೆ, ಒಂದು ಹೆಚ್ಚಾಗಿದೆ ಎಂದು.

(ತುಳು, ಕೊಡವ ಭಾಷೆಗಳ ಪಾಡು ಬೇರೆಯೇ. ಎಂಟನೇ ಪರಿಚ್ಛೇದದ 22 ಭಾಷೆಗಳ ಪಟ್ಟಿ ಹಿಡಿದು ಹೊರಟ ಯೋಜನೆಗಳ ಕಣ್ಣಿಗೆ ಅವು ಬೀಳುವುದೇ ಇಲ್ಲ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.)

ಇದು ಬರೀ ಭಾಷಾಭಿಮಾನದ ಮಾತಲ್ಲ. ನಾಳೆ ಬೆಳೆ ವಿಮೆ ವಿಚಾರಿಸಲು ಫೋನ್ ಮಾಡಿದ ರೈತನಿಗೆ ಆ ಕಡೆಯಿಂದ ಯಂತ್ರವೇ ಉತ್ತರ ಕೊಡಬಹುದು. ತಹಶೀಲ್ದಾರರ ಮುಂದೆ ನಾಲಗೆ ತಿದ್ದಿಕೊಂಡು ಮಾತಾಡುವ ಅವನು ಯಂತ್ರದ ಮುಂದೆಯೂ ಹಾಗೇ ನಿಲ್ಲಬೇಕೆ?

ಕೇಳುತ್ತಿರುವುದು ದೊಡ್ಡದೇನಲ್ಲ. ಆಡಿದ್ದನ್ನು ಆಡಿದಂತೆ ಒಂದು ಸಾಲು, ಗ್ರಾಂಥಿಕ ರೂಪ ಬೇಕಿದ್ದರೆ ಅದರ ಕೆಳಗೆ ಇನ್ನೊಂದು ಸಾಲು ಬರೆಸಿ. ಹೇಗೆ ಬರೆಯಬೇಕೆಂಬ ಸೂಚನೆಯನ್ನು ಕನ್ನಡದಲ್ಲೇ ಪ್ರಕಟಿಸಿ, ತಪ್ಪಿದ್ದರೆ ನಾವೂ ಹೇಳುತ್ತೇವೆ. ಬರೆಯುವ ಕೆಲಸವನ್ನು ಆಯಾ ಜಿಲ್ಲೆಯವರಿಗೇ ಕೊಡಿ. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತ, ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡಬಲ್ಲ ಹುಡುಗಿಯರು ಪ್ರತಿ ಹೋಬಳಿಯಲ್ಲೂ ಸಿಗುತ್ತಾರೆ.