ಭಾನುವಾರದ ದೋಸೆಗೆ ಶನಿವಾರದ ಅಕ್ಕಿ

ಮನೆಯ ಸಣ್ಣ ಸುಖಗಳನ್ನು ಕುರಿತು ಬರೆಯುವುದು ಕನ್ನಡಕ್ಕೆ ಹೊಸದೇನಲ್ಲ. ಬೆಳಗಿನ ಕಾಫಿ, ಭಾನುವಾರದ ದೋಸೆ, ಮಳೆ ಹಿಡಿದ ಸಂಜೆಯ ಬೋಂಡ, ಮಹಡಿಯ ಮೇಲೆ ಒಣಗಲು ಹಾಕಿದ ಹಪ್ಪಳದಿಂದ ಕದ್ದು ಮುರಿದು ತಿಂದ ಹಸಿ ಚೂರು - ನಮ್ಮ ಲಲಿತ ಪ್ರಬಂಧಗಳು ಇಂಥವುಗಳ ಮೇಲೆಯೇ ಬೆಳೆದವು. ಈಗ ವಾರಾಂತ್ಯದ ಪುರವಣಿಗಳೂ ಮೊಬೈಲಿಗೆ ಬರುವ ಶುಭೋದಯದ ಸಂದೇಶಗಳೂ ಅದೇ ಮಾತನ್ನು ಚಿತ್ರಸಮೇತ ಹೇಳುತ್ತಿವೆ: ಸುಖ ದೂರದಲ್ಲಿಲ್ಲ, ನಿಮ್ಮ ಮನೆಯೊಳಗೇ ಇದೆ, ಒಂದು ಕ್ಷಣ ನಿಂತು ನೋಡಿ. ಮಾತು ಸುಳ್ಳೆಂದು ನಾನು ಹೇಳಲಾರೆ. ನನ್ನ ತಕರಾರು 'ನಿಂತು ನೋಡಿ' ಎಂಬ ಎರಡು ಪದಗಳ ಬಗ್ಗೆ ಮಾತ್ರ. ಅವನ್ನು ಬರೆದವರು ಕೂತು ಬರೆದಿದ್ದಾರೆ. ಆ ಮನೆಯಲ್ಲಿ ಅದೇ ಹೊತ್ತಿಗೆ ಒಲೆಯ ಮುಂದೆ ಯಾರೋ ಒಬ್ಬರು ನಿಂತೇ ಇದ್ದರು. ಅವರಿಗೆ ಈ ಉಪದೇಶದ ಅಗತ್ಯವಿರಲಿಲ್ಲ.

ನಾನು ಮೂರು ದಶಕ ಬ್ಯಾಂಕಿನಲ್ಲಿ ಲೆಕ್ಕ ನೋಡಿ ನಿವೃತ್ತಳಾದವಳು. ಜಮಾ ಇದ್ದಲ್ಲಿ ಖರ್ಚು ಎಲ್ಲಿದೆ ಎಂದು ಹುಡುಕುವುದು ಅಭ್ಯಾಸವಾಗಿಬಿಟ್ಟಿದೆ. ಕೆಂಗೇರಿ ಉಪನಗರದ ನಮ್ಮ ಮೂವತ್ತು-ನಲವತ್ತರ ನಿವೇಶನದ ಮನೆಯಲ್ಲಿ ಸುಖದ ಜಮೆಗೆ ಕೊರತೆಯಿಲ್ಲ. ಮುಂದೆ ಒಂದು ದಾಸವಾಳ, ಹಿಂದೆ ಒಂದು ಕರಿಬೇವು, ಮೇಲೆ ಮಹಡಿ, ವಾರಕ್ಕೊಮ್ಮೆ ಮಗ ಸೊಸೆ ಮೊಮ್ಮಗಳು ಎಲ್ಲರೂ ಮನೆಯಲ್ಲಿರುವ ಭಾನುವಾರ. ಖರ್ಚಿನ ಪುಟ ಮಾತ್ರ ಯಾರೂ ಬರೆದಿಟ್ಟಿಲ್ಲ.

ಒಂದು ದೋಸೆಯನ್ನೇ ತೆಗೆದುಕೊಳ್ಳಿ. ಭಾನುವಾರ ಬೆಳಿಗ್ಗೆ ಎಂಟೂವರೆಗೆ ತಟ್ಟೆಗೆ ಬೀಳುವ ದೋಸೆ ಶುರುವಾಗುವುದು ಶನಿವಾರ ಮಧ್ಯಾಹ್ನ. ಮೂರು ಪಾವು ಅಕ್ಕಿಗೆ ಒಂದು ಪಾವು ಉದ್ದಿನಬೇಳೆ, ಒಂದು ಚಮಚ ಮೆಂತ್ಯ, ತೊಳೆದು ನೆನೆಹಾಕಬೇಕು. ನಾಲ್ಕೈದು ಗಂಟೆ ನೆನೆದ ಮೇಲೆ ರುಬ್ಬಬೇಕು, ಗ್ರೈಂಡರನ್ನು ತೊಳೆಯಬೇಕು. ರುಬ್ಬುವುದಕ್ಕಿಂತ ತೊಳೆಯುವುದೇ ದೊಡ್ಡ ಕೆಲಸವೆಂಬುದು ತೊಳೆದವರಿಗೆ ಗೊತ್ತು. ಹಿಟ್ಟು ರಾತ್ರಿಯಿಡೀ ಹುದುಗಬೇಕು. ಬೆಂಗಳೂರಿನ ಡಿಸೆಂಬರಿನಲ್ಲಿ ಅದು ಹಟ ಹಿಡಿದು ಕೂರುತ್ತದೆ; ಬೆಚ್ಚಗಿನ ಮೂಲೆ ಹುಡುಕಿ ಪಾತ್ರೆಗೆ ಹಳೆಯ ಶಾಲು ಹೊದಿಸಬೇಕು. ಏಪ್ರಿಲಿನಲ್ಲಿ ಅದೇ ಹಿಟ್ಟು ಬೆಳಗಾಗುವುದರೊಳಗೆ ಪಾತ್ರೆಯಿಂದ ಉಕ್ಕಿ ಕಟ್ಟೆಯ ಮೇಲೆಲ್ಲ ಹರಿದಿರುತ್ತದೆ. ಬೆಳಿಗ್ಗೆ ಎದ್ದರೆ ಚಟ್ನಿಗೆ ಕಾಯಿ, ಪಲ್ಯಕ್ಕೆ ಆಲೂಗಡ್ಡೆ. ಇಷ್ಟಾದ ಮೇಲೆ ಕಾವಲಿ. ದೋಸೆಗೆ ಒಂದು ವಿಶೇಷ ಗುಣವಿದೆ: ಮನೆಮಂದಿಯೆಲ್ಲ ಒಟ್ಟಿಗೆ ಕೂತು ಅದನ್ನು ತಿನ್ನಲಾಗುವುದಿಲ್ಲ. ಅದು ಒಂದೊಂದಾಗಿ, ಬಿಸಿಯಾಗಿ ಬರಬೇಕು. ಆದ್ದರಿಂದ ಒಬ್ಬರು ಹೊರಗೆ ಉಳಿಯಲೇಬೇಕು. ಉಪ್ಪಿಟ್ಟಿಗೆ ಈ ದೋಷವಿಲ್ಲ. ಬಹುಶಃ ಅದಕ್ಕೇ ಉಪ್ಪಿಟ್ಟಿಗೆ ನಮ್ಮಲ್ಲಿ ಅಂಥ ಗೌರವವೂ ಇಲ್ಲ.

ಈ ಖರ್ಚಿನ ಪುಟವನ್ನು ಬರೆಯಲು ಸರ್ಕಾರವೇ ಕೊನೆಗೆ ಕೂತಿತೆಂಬುದು ಸಮಾಧಾನದ ಸಂಗತಿ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಆರು ವರ್ಷ ದಾಟಿದ ಹೆಣ್ಣುಮಕ್ಕಳಲ್ಲಿ ಶೇ 81.2ರಷ್ಟು ಮಂದಿ ದಿನವೂ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುತ್ತಾರೆ, ಗಂಡಸರಲ್ಲಿ ಶೇ 26.1 ಮಂದಿ ಮಾತ್ರ ಎಂದು ಅದು ಹೇಳಿತು. ಹಾಗೆ ತೊಡಗಿದವರ ಪೈಕಿ ಹೆಂಗಸರು ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ವ್ಯಯಿಸುತ್ತಿದ್ದರು. ಐದು ವರ್ಷಗಳ ನಂತರ, 2024ರಲ್ಲಿ, ಅದೇ ಸಮೀಕ್ಷೆ ಮತ್ತೆ ನಡೆಯಿತು. ಹೆಂಗಸರ ಲೆಕ್ಕ 289 ನಿಮಿಷಕ್ಕೆ ಇಳಿದಿತ್ತು. ಗಂಡಸರದು 88ಕ್ಕೆ. ಅಂದರೆ ಹೆಂಗಸರಿಗೆ ದಿನಕ್ಕೆ ಹತ್ತು ನಿಮಿಷ ಉಳಿದಾಗ ಗಂಡಸರೂ ಹಿಂದೆ ಬೀಳದೆ ಒಂಬತ್ತು ನಿಮಿಷ ಉಳಿಸಿಕೊಂಡರು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಬಾಕಿ ಹೆಚ್ಚುಕಡಿಮೆ ಅಲ್ಲಿಯೇ ನಿಂತಿದೆ.

ಅಂಕಿಸಂಖ್ಯೆಗಳಿಗೆ ಸಿಕ್ಕದ ಒಂದು ಬಾಬತ್ತು ಇನ್ನೂ ಇದೆ. ಕನ್ನಡದಲ್ಲಿ ಅಕ್ಕಿ ನೆನೆಯುವುದಕ್ಕೂ ಮನುಷ್ಯರು ನೆನೆಯುವುದಕ್ಕೂ ಒಂದೇ ಕ್ರಿಯಾಪದ. ಶನಿವಾರ ಅಕ್ಕಿ ನೆನೆಹಾಕಬೇಕೆಂದು ನೆನೆಯುವುದು ಯಾರು? ಉದ್ದಿನಬೇಳೆ ಮುಗಿಯುತ್ತಿದೆ, ಗ್ಯಾಸ್ ಸಿಲಿಂಡರು ಇನ್ನೆರಡು ದಿನ ಬರಬಹುದು, ನಾಳೆ ನಲ್ಲಿಯಲ್ಲಿ ನೀರು ಬರುವ ದಿನ, ಸಂಪು ತುಂಬಿದ ಮೇಲೆ ಮೋಟಾರು ಹಾಕಬೇಕು, ಮೊಮ್ಮಗಳ ಶಾಲೆಗೆ ಸೋಮವಾರ ಬಿಳಿಯ ಬೂಟು - ಈ ಪಟ್ಟಿ ಯಾರ ತಲೆಯಲ್ಲಿ ಸದಾ ಓಡುತ್ತಿರುತ್ತದೆಯೋ ಅವರು ಸೋಫಾದಲ್ಲಿ ಕೂತಿದ್ದರೂ ಕೂತಂತಲ್ಲ. ಸಮೀಕ್ಷೆಯವರು ಬಂದು ಕೇಳಿದರೆ ಆ ಹೊತ್ತನ್ನು ಅವರು ವಿಶ್ರಾಂತಿ ಎಂದೇ ಬರೆದುಕೊಂಡು ಹೋಗುತ್ತಾರೆ.

ಯಂತ್ರಗಳು ಬಂದವಲ್ಲ ಎನ್ನುವವರಿದ್ದಾರೆ. ಬಂದವು, ಅವುಗಳಿಗೆ ನಾನು ಕೃತಜ್ಞಳು. ಒರಳಿನ ಮುಂದೆ ಕೂತು ಗುಂಡು ತಿರುಗಿಸಿದ ನನ್ನ ತಾಯಿಯ ಭುಜದ ನೋವನ್ನು ಕಂಡವಳಿಗೆ ಹಳೆಯ ಕಾಲದ ರುಚಿಯ ಬಗ್ಗೆ ಭಾವುಕಳಾಗುವುದು ಸಾಧ್ಯವಿಲ್ಲ. ಆದರೆ ಒರಳಿದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ದೋಸೆ ಹಬ್ಬಕ್ಕೋ ನೆಂಟರಿಗೋ ಆಗುತ್ತಿತ್ತು. ಗ್ರೈಂಡರ್ ಬಂದ ಮೇಲೆ ವಾರದ ತಿಂಡಿಯಾಯಿತು. ಯಂತ್ರ ಉಳಿಸಿದ ಹೊತ್ತನ್ನು ಮನೆಯ ಬಾಯಿರುಚಿ ಬಡ್ಡಿಸಮೇತ ವಸೂಲು ಮಾಡಿತು.

ಹಾಗೆಂದು ಸುಖಗಳನ್ನೇ ಕೈಬಿಡೋಣ, ಎಲ್ಲವನ್ನೂ ಸ್ವಿಗ್ಗಿಯಿಂದಲೋ ಜೊಮ್ಯಾಟೊದಿಂದಲೋ ತರಿಸೋಣ ಎಂದು ನಾನು ವಾದಿಸುತ್ತಿಲ್ಲ. ಮನೆಗೆಲಸ ಎಲ್ಲವೂ ಶಿಕ್ಷೆಯಲ್ಲ. ಅವರೆಕಾಯಿಯ ಕಾಲ ಬಂದಾಗ ಇದು ನನಗೆ ಪ್ರತಿವರ್ಷವೂ ಮನವರಿಕೆಯಾಗುತ್ತದೆ. ನಮ್ಮ ಉಪನಗರಕ್ಕೆ ಮಾಗಡಿ ಸೀಮೆ ದೂರವಲ್ಲ. ಡಿಸೆಂಬರ್ ಹೊತ್ತಿಗೆ ಸೊಗಡಿನ ಅವರೆ ರಸ್ತೆಬದಿಯಲ್ಲಿ ಗುಡ್ಡೆಗುಡ್ಡೆಯಾಗಿ ಬಂದು ಬೀಳುತ್ತದೆ. ಕಾಯಿ ಸುಲಿಯಬೇಕು, ಹುಳುಕು ನೋಡಿ ತೆಗೆಯಬೇಕು, ಕಾಳನ್ನು ನೆನೆಹಾಕಬೇಕು, ಆಮೇಲೆ ಒಂದೊಂದೇ ಕಾಳನ್ನು ಬೆರಳ ನಡುವೆ ಹಿತುಕಿ ಸಿಪ್ಪೆ ಬಿಡಿಸಬೇಕು. ನಾಲ್ಕು ಜನರ ಸಾರಿಗೆ ಬೇಕಾದ ಬೇಳೆಯನ್ನು ಒಬ್ಬಳೇ ಹಿತುಕಲು ಕೂತರೆ ಮಧ್ಯಾಹ್ನ ಪೂರ್ತಿ ಹೋಗುತ್ತದೆ, ಸೊಂಟವೂ ಹೋಗುತ್ತದೆ. ಅದನ್ನೇ ಹಾಲಿನ ನೆಲದ ಮೇಲೆ ಪತ್ರಿಕೆ ಹಾಸಿ ಐವರು ಸುತ್ತ ಕೂತರೆ ಮುಕ್ಕಾಲು ಗಂಟೆಯ ಮಾತು. ಹಿತುಕಿದ ಕಾಳು ಬುಲೆಟ್ಟಿನಂತೆ ಹಾರಿ ಟಿವಿಗೆ ತಗಲಿದಾಗ ಮೊಮ್ಮಗಳು ನಗುತ್ತಾಳೆ. ಯಾವ ಸುದ್ದಿಯನ್ನೂ ಮನೆಗೆ ಹೇಳದ ನನ್ನ ಮಗ ಕಚೇರಿಯ ಸುದ್ದಿ ಹೇಳುವುದು ವರ್ಷದಲ್ಲಿ ಆ ತಿಂಗಳು ಮಾತ್ರ. ಕೈಗೆ ಕೆಲಸವಿದ್ದರೆ ಗಂಡಸರಿಗೆ ನಾಲಿಗೆ ಸಡಿಲವಾಗುತ್ತದೆಂದು ಕಾಣುತ್ತದೆ. ಕಾಳು ಅದೇ, ಸಿಪ್ಪೆ ಅದೇ. ಒಂಟಿಯಾಗಿ ಮಾಡಿದಾಗ ಜೀತವೆನಿಸಿದ್ದು ಕೂಡಿ ಮಾಡಿದಾಗ ಸುಖವಾಗುತ್ತದೆ. ಸುಖ ಸಾರಿನಲ್ಲಿದೆಯೋ ಸುಲಿಯುವುದರಲ್ಲಿದೆಯೋ ಎಂದು ಕೇಳಿದರೆ ನನಗೆ ಸುಲಿಯುವುದರಲ್ಲಿಯೇ ಹೆಚ್ಚೆಂದು ತೋರುತ್ತದೆ.

ಈಗ ಹಿತುಕಿದ ಬೇಳೆ ಸಿದ್ಧವಾಗಿಯೇ ಸಿಗುತ್ತದೆ, ಜನವರಿಯಲ್ಲಿ ವಿ.ವಿ. ಪುರದ ಅವರೆಬೇಳೆ ಮೇಳಕ್ಕೆ ಹೋದರೆ ಅವರೆಯ ದೋಸೆಯಿಂದ ಜಿಲೇಬಿಯವರೆಗೆ ಎಲ್ಲವೂ ಸಿಗುತ್ತದೆ ಎಂದು ಹೇಳುವವರಿಗೆ ನನ್ನದೊಂದು ಪ್ರಶ್ನೆ: ಅದನ್ನು ಹಿತುಕಿದವರಾರು? ಮಾರುಕಟ್ಟೆಯ ಮೂಲೆಯಲ್ಲಿ ಬೆರಳ ತುದಿ ಸುಕ್ಕುಗಟ್ಟಿ ಬಿಳಿಚುವವರೆಗೂ ಕೂತಿರುವವರು ಹೆಂಗಸರೇ. ನಮ್ಮ ಹೆಂಗಸರ ನಿಮಿಷಗಳು ಉಳಿದದ್ದು ಎಷ್ಟೋ ಸಲ ಇನ್ನೊಬ್ಬ ಹೆಂಗಸಿನ ನಿಮಿಷಗಳಿಂದ. ನಮ್ಮ ಮನೆಗೆ ಬೆಳಿಗ್ಗೆ ಪಾತ್ರೆ ತೊಳೆಯಲು ಬರುವಾಕೆ ಅಷ್ಟು ಹೊತ್ತಿಗೆ ತನ್ನ ಮನೆಯ ಪಾತ್ರೆ ತೊಳೆದು, ಅಡುಗೆ ಮಾಡಿ, ಇನ್ನೊಂದು ಮನೆಯ ಪಾತ್ರೆಯನ್ನೂ ತೊಳೆದಿರುತ್ತಾಳೆ. ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ಕರ್ನಾಟಕ ಅಧಿಸೂಚಿಸಿದ್ದು 2004ರಲ್ಲಿ. ಆ ದರ ಎಷ್ಟೆಂದು ನಮ್ಮ ಬೀದಿಯಲ್ಲಿ ಕೇಳಿದರೆ ಹೇಳಬಲ್ಲವರು ಸಿಗುವುದು ಕಷ್ಟ. ಚಿನ್ನದ ದರ ಕೇಳಿ, ನಾಲ್ಕು ಮನೆಯಿಂದ ಉತ್ತರ ಬರುತ್ತದೆ.

ಗಂಡಸರ ಪಕ್ಷದಿಂದ ಬರುವ ಒಂದು ಮಾತನ್ನು ಇಲ್ಲಿ ಎತ್ತಿಕೊಳ್ಳದಿದ್ದರೆ ಅನ್ಯಾಯವಾಗುತ್ತದೆ. ನಾವು ಮಾಡಲು ಸಿದ್ಧ, ಹೆಂಗಸರೇ ಅಡುಗೆಮನೆಯೊಳಗೆ ಬಿಡುವುದಿಲ್ಲ ಎಂಬುದು ಆ ಮಾತು. ಅದರಲ್ಲಿ ಸತ್ಯಾಂಶವಿದೆ. ಬೇರೆ ಯಾವ ಅಧಿಕಾರವೂ ಸಿಗದ ಕಡೆ ಒಗ್ಗರಣೆ ಡಬ್ಬಿಯೇ ರಾಜಮುದ್ರೆಯಾಗುತ್ತದೆ. ಅದನ್ನು ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. ಆದರೆ ಆ ಸಿದ್ಧತೆಯ ಸ್ವರೂಪವನ್ನೂ ನೋಡಬೇಕು. ಸಾಮಾನ್ಯವಾಗಿ ಗಂಡಸರು ಆರಿಸಿಕೊಳ್ಳುವುದು ಮೆಚ್ಚುಗೆ ಬರುವ ಅಡುಗೆಯನ್ನು. ಬಿರಿಯಾನಿಯಾಗಬಹುದು, ಮೈಸೂರು ಪಾಕ್ ಆಗಬಹುದು; ಸಿಂಕಿನಲ್ಲಿ ಸಿಕ್ಕಿಕೊಂಡ ಅನ್ನದ ಅಗುಳು ತೆಗೆಯುವುದಾಗಲಿ, ಹಾಲು ಉಕ್ಕದಂತೆ ಕಾಯುವುದಾಗಲಿ ಅವರ ಹವ್ಯಾಸದೊಳಗೆ ಸೇರುವುದಿಲ್ಲ. ನಮ್ಮ ಯಜಮಾನರು ಎರಡು ವರ್ಷದಿಂದ ಬೆಳಗಿನ ಕಾಫಿಯನ್ನು ವಹಿಸಿಕೊಂಡಿದ್ದಾರೆ. ಫಿಲ್ಟರಿನ ತೂತು ಕಟ್ಟಿಕೊಂಡರೆ ಸೂಜಿಯಿಂದ ಚುಚ್ಚಿ ಬಿಡಿಸುವುದೂ, ರಾತ್ರಿ ಮಲಗುವ ಮುನ್ನ ಪುಡಿ ಇದೆಯೇ ಎಂದು ನೋಡುವುದೂ ಅವರದೇ. ಕಾಫಿ ಸ್ವಲ್ಪ ನೀರು. ಆದರೂ ನನ್ನ ಜೀವಮಾನದಲ್ಲಿ ಇಷ್ಟು ರುಚಿಯಾದ ಕಾಫಿ ಕುಡಿದಿಲ್ಲ, ಏಕೆಂದರೆ ಅದು ಎಷ್ಟು ಹೊತ್ತಿಗೆ ಬರುತ್ತದೆಂದು ನಾನು ಯೋಚಿಸಬೇಕಾಗಿಲ್ಲ.

'ಯಜಮಾನರು' ಎಂದೆ. ಗಂಡನನ್ನು ಹಾಗೆ ಕರೆಯುವ ರೂಢಿಯಲ್ಲಿ ಬೆಳೆದ ನಮಗೆ ಸ್ತ್ರೀಲಿಂಗದಲ್ಲಿ ಆ ಪದ ಕಾಗದದ ಮೇಲೆ ಕಂಡಾಗ ವಿಚಿತ್ರವೆನಿಸಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸನ್ನೇ ಕುಟುಂಬದ ಮುಖ್ಯಸ್ಥೆಯಾಗಿಸಿತು. 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆ 'ಮನೆಯ ಯಜಮಾನಿ'ಗೆ ತಿಂಗಳಿಗೆ 2,000 ರೂಪಾಯಿ ಎಂದಿತು. ಆದಾಯ ತೆರಿಗೆ ಕಟ್ಟುವ ಮನೆಗಳಿಗೆ ಅದು ಇಲ್ಲ, ಇರಬೇಕಾಗಿಯೂ ಇಲ್ಲ. ನಮ್ಮಂಥ ಮನೆಗಳ ಡ್ರಾಯಿಂಗ್ ರೂಮುಗಳಲ್ಲಿ ಈ ಹಣದ ಬಗ್ಗೆ ನಡೆಯುವ ಟೀಕೆಯನ್ನು ನಾನು ಬಹಳ ಕೇಳಿದ್ದೇನೆ: ಕೆಲಸವಿಲ್ಲದೆ ಕೂತವರಿಗೆ ಕೊಡುವುದೇಕೆ ಎಂದು. ಟೀಕೆ ಮಾಡುವವರ ಕೈಯಲ್ಲಿ ಆ ಹೊತ್ತಿಗೆ ಸಾಮಾನ್ಯವಾಗಿ ಒಂದು ಕಾಫಿ ಲೋಟವಿರುತ್ತದೆ.

ಕೆಲಸವಿಲ್ಲದೆ ಕೂತವರ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. 2014ರಲ್ಲಿ ದೆಹಲಿಯಲ್ಲಿ ರಸ್ತೆ ಅಪಘಾತವೊಂದರಲ್ಲಿ ಗಂಡ ಹೆಂಡತಿ ಇಬ್ಬರೂ ತೀರಿಕೊಂಡರು. ಮಕ್ಕಳಿಗೆ ಸಿಗಬೇಕಾದ ಪರಿಹಾರದ ಪ್ರಕರಣವನ್ನು 2021ರ ಜನವರಿಯಲ್ಲಿ ತೀರ್ಮಾನಿಸುವಾಗ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಗೃಹಿಣಿಯರ ದುಡಿಮೆಗೆ ಆರ್ಥಿಕ ಮೌಲ್ಯವಿಲ್ಲವೆಂಬ ತಲೆಮಾರುಗಳ ಭಾವನೆಯನ್ನು ತಳ್ಳಿಹಾಕಿದರು. 2019ರ ಸಮಯ ಬಳಕೆ ಸಮೀಕ್ಷೆಯ ಜೊತೆಗೆ 2011ರ ಜನಗಣತಿಯನ್ನೂ ಅವರು ಉದಾಹರಿಸಿದರು: ಮನೆಗೆಲಸವೇ ತಮ್ಮ ಮುಖ್ಯ ಕಸುಬೆಂದು ಬರೆಸಿದ ಹೆಂಗಸರು 15.98 ಕೋಟಿ, ಗಂಡಸರು 57.9 ಲಕ್ಷ. ಮೆಚ್ಚಬೇಕಾದ ತೀರ್ಪು. ಆದರೆ ಅಪಘಾತ ಪರಿಹಾರದ ಲೆಕ್ಕವೆಂದರೆ ಆಕೆ ಸತ್ತ ಮೇಲಿನ ಲೆಕ್ಕ. ಬದುಕಿರುವಾಗ ಆ ಬೆಲೆಯನ್ನು ನಿರ್ಧರಿಸುವ ನ್ಯಾಯಪೀಠ ಮನೆಯ ಊಟದ ಮೇಜೇ ಹೊರತು ಬೇರೆಯಿಲ್ಲ. ಅಲ್ಲಿ ಪ್ರಕರಣ ಇನ್ನೂ ವಿಚಾರಣೆಗೇ ಬಂದಿಲ್ಲ.

ಮನೆಗೆ ಸುಖ ಒದಗಿಸುವವಳ ಸ್ವಂತ ಸುಖ ಯಾವುದು ಎಂಬ ಪ್ರಶ್ನೆಯೂ ಹಾಗೆಯೇ ಉಳಿದುಬಿಟ್ಟಿದೆ. ನನ್ನ ತಾಯಿಗೆ ಏನು ಇಷ್ಟವಾಗಿತ್ತು ಎಂದು ಯಾರಾದರೂ ಕೇಳಿದರೆ ನಾವು ಅಕ್ಕತಂಗಿಯರು ಮುಖಮುಖ ನೋಡಿಕೊಳ್ಳುತ್ತೇವೆ. ಆಕೆ ಮಾಡುತ್ತಿದ್ದ ಇಪ್ಪತ್ತು ತಿನಿಸುಗಳನ್ನು ಹೆಸರಿಸಬಲ್ಲೆವು. ಆಕೆ ಬಯಸಿ ತಿಂದದ್ದನ್ನು ನಾವು ಕಂಡಿಲ್ಲ. ಉಳಿದದ್ದನ್ನು ತಿಂದದ್ದನ್ನು ಕಂಡಿದ್ದೇವೆ.

ನಮ್ಮ ಬೀದಿಯ ಹೆಂಗಸರಲ್ಲಿ ಈಚೆಗೆ ಕಂಡ ಒಂದು ಬದಲಾವಣೆಗೆ ಮಾತ್ರ ನಾನು ಸಾಕ್ಷಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಅವರು ವಾರದ ದಿನಗಳಲ್ಲಿಯೇ ಹೊರಡಲು ಕಲಿತಿದ್ದಾರೆ. ಯಾತ್ರೆಯೆಂಬುದು ನೆಪ ಎಂದು ಗಂಡಸರು ನಗುತ್ತಾರೆ. ಇರಬಹುದು, ಒಳ್ಳೆಯ ನೆಪ. ಒಂದು ಮಂಗಳವಾರ ನಾವು ಆರು ಮಂದಿ ಮೇಲುಕೋಟೆಗೆ ಹೊರಟೆವು. ಹಿಂದಿನ ರಾತ್ರಿಯೇ ಒಬ್ಬಾಕೆ ಎಲ್ಲರಿಗೂ ಪುಳಿಯೋಗರೆ ಕಲಸಿ ತರುವ ಹುರುಪಿನಲ್ಲಿದ್ದರು. ಪುಳಿಯೋಗರೆಯ ಊರಿಗೇ ಹೋಗುತ್ತಾ ಮನೆಯಿಂದ ಪುಳಿಯೋಗರೆ ಹೊರುವುದು ಬೇಡವೆಂದು ಎಲ್ಲರೂ ಸೇರಿ ತಡೆಯಬೇಕಾಯಿತು. ಯೋಗಾನರಸಿಂಹನ ಬೆಟ್ಟ ಇಳಿದು ಬಂದು, ಕಲ್ಯಾಣಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಮುತ್ತುಗದ ಎಲೆಯಲ್ಲಿ ಬೇರೆಯವರು ಮಾಡಿದ ಅನ್ನವನ್ನು ಆರೂ ಜನ ಒಂದೇ ಹೊತ್ತಿಗೆ ತಿಂದೆವು. ಯಾರೂ ಎದ್ದು ಬಡಿಸಬೇಕಾಗಿರಲಿಲ್ಲ. ಒಂದು ಗಂಟೆಯ ಸುಮಾರಿಗೆ ಒಬ್ಬರ ಫೋನು ಬಡಿದುಕೊಂಡಿತು. ಸಾರಿನ ಪುಡಿಯ ಡಬ್ಬಿ ಎಲ್ಲಿದೆ ಎಂದು ಆ ಕಡೆಯಿಂದ ಪ್ರಶ್ನೆ. ಆಕೆ ಒಂದು ತುತ್ತು ನುಂಗಿ, ನೀರು ಕುಡಿದು, ಇನ್ನೊಂದು ತುತ್ತು ನುಂಗಿ, 'ನೀವೇ ಹುಡುಕಿ' ಎಂದರು.