ಬೆಲ್ ಕರ್ವ್ ಬೇಕೆನ್ನುವವರಿಗೆ

ತಂಡದಲ್ಲಿ ಇಂತಿಷ್ಟು ಮಂದಿಗೆ ಮೇಲಿನ ರೇಟಿಂಗ್, ಹೆಚ್ಚಿನವರಿಗೆ ನಡುವಿನದು, ಕೆಲವರಿಗೆ ಕೆಳಗಿನದು ಕೊಡಲೇಬೇಕು ಎಂಬ ಬೆಲ್ ಕರ್ವ್ ಕಟ್ಟಳೆಯನ್ನು ಸಮರ್ಥಿಸುವ ಮ್ಯಾನೇಜರುಗಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇಂದಿಗೂ ಇದ್ದಾರೆ. ಅವರ ವಾದಗಳನ್ನು ಗಮನವಿಟ್ಟು ಕೇಳಿದ್ದೇನೆ. ಒಂದನ್ನೂ ಒಪ್ಪಲಾರೆ.

‘ಸಾಮರ್ಥ್ಯ ಹಂಚಿಹೋಗಿರುವುದೇ ಹೀಗೆ, ಇದು ಪ್ರಕೃತಿ ನಿಯಮ’ ಎನ್ನುತ್ತಾರೆ. ಗಂಟೆಯಾಕಾರದ ಆ ರೇಖೆ ಮೂಡುವುದು ಎತ್ತರದಂಥ ಗುಣವನ್ನು ಸಾವಿರಾರು ಜನರಲ್ಲಿ, ಆರಿಸದೆ ಅಳೆದಾಗ. ಎಂಟು ಜನರ ತಂಡವಾದರೋ ಪರೀಕ್ಷೆ, ಇಂಟರ್‌ವ್ಯೂಗಳಲ್ಲಿ ಸೋಸಿ ತಂದದ್ದು. ಅವರಲ್ಲೊಬ್ಬರು ಕಳಪೆ ಎಂದು ವರ್ಷ ಶುರುವಾಗುವ ಮೊದಲೇ ತೀರ್ಮಾನಿಸುವುದಕ್ಕೆ ಗಣಿತದ ಆಧಾರವಿಲ್ಲ. 2012ರಲ್ಲಿ ಓಬಾಯ್ಲ್ ಮತ್ತು ಅಗ್ವಿನಿಸ್ ಎಂಬ ಸಂಶೋಧಕರು ವಿದ್ವಾಂಸರು, ಕಲಾವಿದರು, ರಾಜಕಾರಣಿಗಳು, ಕ್ರೀಡಾಪಟುಗಳು ಸೇರಿ ಆರು ಲಕ್ಷಕ್ಕೂ ಹೆಚ್ಚು ಜನರ ಸಾಧನೆಯನ್ನು ಪರಿಶೀಲಿಸಿದಾಗ ಬಹುತೇಕ ಕಡೆ ಈ ರೇಖೆ ಸಿಗಲಿಲ್ಲ. ಅವರು ಸಾಫ್ಟ್‌ವೇರ್ ಎಂಜಿನಿಯರುಗಳಲ್ಲ, ನಿಜ. ಆದರೆ ಪ್ರಕೃತಿಯ ಹೆಸರು ಹೇಳುವುದನ್ನಾದರೂ ಇನ್ನು ಬಿಡಬೇಕು.

‘ದುಡಿದವರಿಗೆ ದುಡಿದಷ್ಟು ಸಿಗುತ್ತದೆ’ ಎಂಬುದು ಇನ್ನೊಂದು ಮಾತು. ಗುಣಮಟ್ಟ ನಿರ್ವಹಣೆಯ ತಜ್ಞ ಎಡ್ವರ್ಡ್ಸ್ ಡೆಮಿಂಗ್ ತಮ್ಮ ತರಗತಿಗಳಲ್ಲಿ ಒಂದು ಪ್ರಯೋಗ ಮಾಡಿಸುತ್ತಿದ್ದರು. ಬಿಳಿ ಮಣಿಗಳ ಪೆಟ್ಟಿಗೆಯಲ್ಲಿ ಐದಕ್ಕೊಂದರಂತೆ ಕೆಂಪು ಮಣಿ ಬೆರೆಸಿರುತ್ತಿದ್ದರು. 50 ಕುಳಿಗಳ ಹಲಗೆಯನ್ನು ಅದ್ದಿ ತೆಗೆಯುವುದು ಕೆಲಸ, ಕೆಂಪು ಬಂದರೆ ದೋಷ. ಕಡಿಮೆ ಬಂದವನಿಗೆ ಹೊಗಳಿಕೆ, ಹೆಚ್ಚು ಬಂದವನಿಗೆ ಬೈಗುಳ, ಕೊನೆಗೆ ವಜಾ. ಆ ಮಣಿಗಳನ್ನು ಬೆರೆಸಿದ್ದು ಅವರ್‍ಯಾರೂ ಅಲ್ಲ. ನಮ್ಮಲ್ಲೂ ಯಾವ ಪ್ರಾಜೆಕ್ಟು, ಎಂಥ ಕ್ಲೈಂಟು, ಪ್ರಾಜೆಕ್ಟಿಲ್ಲದೆ ಎಷ್ಟು ತಿಂಗಳು ಬೆಂಚು ಎಂಬುದನ್ನು ಎಂಜಿನಿಯರ್ ನಿರ್ಧರಿಸುವುದಿಲ್ಲ. ರೇಟಿಂಗ್ ಮಾತ್ರ ಅವರ ಹೆಸರಿಗೆ ಅಂಟುತ್ತದೆ, ಸಂಬಳ ಏರಿಕೆ, ಬಡ್ತಿಗಳೆರಡನ್ನೂ ತಡೆಯುತ್ತದೆ.

ಪೈಪೋಟಿಯಿಂದ ಚುರುಕು ಬರುತ್ತದೆಯೇ? ಪಕ್ಕದವರಿಗೆ ಕಲಿಸಿದರೆ ತನ್ನ ಸ್ಥಾನ ಇಳಿಯುವ ಕಡೆ ಯಾರೂ ಕಲಿಸುವುದಿಲ್ಲ. ಮೈಕ್ರೋಸಾಫ್ಟ್ 2013ರಲ್ಲಿ ಈ ಪದ್ಧತಿಯನ್ನು ಕೈಬಿಟ್ಟಿತು.

ಜಿಇ ಕಂಪನಿಯ ಮುಖ್ಯಸ್ಥರಾಗಿದ್ದ ಜಾಕ್ ವೆಲ್ಚ್ ಹೆಸರೂ ಬರುತ್ತದೆ. ಪ್ರತಿವರ್ಷ ಕೆಳಗಿನ ಶೇ. 10 ಮಂದಿಯನ್ನು ಕೆಲಸದಿಂದ ಬಿಡಿಸಬೇಕೆಂದವರು ಅವರು. ಆ ಕಾಲದ ಜಿಇ ಲಾಭದಲ್ಲಿ ದೊಡ್ಡ ಪಾಲು ಅದರ ಹಣಕಾಸು ವಿಭಾಗ ಜಿಇ ಕ್ಯಾಪಿಟಲ್‌ನದು. ಅದರ ಶ್ರೇಯಸ್ಸನ್ನು ರೇಟಿಂಗಿಗೆ ಕೊಡುವುದು ಸರಿಯಲ್ಲ.

‘ಕರ್ವ್ ತೆಗೆದರೆ ಮ್ಯಾನೇಜರುಗಳು ಎಲ್ಲರಿಗೂ ಒಳ್ಳೆಯ ರೇಟಿಂಗ್ ಕೊಟ್ಟು ಕೈತೊಳೆದುಕೊಳ್ಳುತ್ತಾರೆ’ ಎಂಬ ಆತಂಕದಲ್ಲಿ ಸತ್ಯವಿದೆ. ಕಹಿ ಮಾತನ್ನು ಎದುರಿಗೆ ಹೇಳಲು ಅನೇಕರು ಹಿಂಜರಿಯುತ್ತಾರೆ. ಆದರೆ ಕರ್ವ್ ಅವರನ್ನು ಆ ಹೊಣೆಯಿಂದ ಪೂರ್ತಿ ಬಿಡಿಸಿಬಿಡುತ್ತದೆ: ‘ನಾನು ಒಳ್ಳೆಯದೇ ಕೊಟ್ಟಿದ್ದೆ, ಕರ್ವಿಗೆ ಹೊಂದಿಸುವ ನಾರ್ಮಲೈಸೇಷನ್‌ನಲ್ಲಿ ಇಳಿಯಿತು.’ ಅಡೋಬಿ 2012ರಲ್ಲಿ ವಾರ್ಷಿಕ ರೇಟಿಂಗ್ ಬಿಟ್ಟು ವರ್ಷವಿಡೀ ಮಾತುಕತೆ ನಡೆಸುವ ಕ್ರಮಕ್ಕೆ ಬಂತು. ಕೆಲಸ ಸರಿಯಿಲ್ಲದಿದ್ದರೆ ಎಲ್ಲಿ ಸರಿಯಿಲ್ಲವೆಂದು ಆಗಲೇ ಹೇಳಿ, ತಿದ್ದಿಕೊಳ್ಳಲು ಸಮಯ ಕೊಡಿ.

ಕೋಟಾ ತುಂಬಲೇಬೇಕಾದಾಗ ಕೆಳಗಿನ ರೇಟಿಂಗ್ ಯಾರ ಪಾಲಿಗೆ ಹೋಗುತ್ತದೆಂದು ರೇಟಿಂಗ್ ಹೊಂದಿಸುವ ಕ್ಯಾಲಿಬ್ರೇಷನ್ ಮೀಟಿಂಗಿನಲ್ಲಿ ಕೂತವರಿಗೆಲ್ಲ ಗೊತ್ತು: ಹೊಸದಾಗಿ ಸೇರಿದವರು, ನೋಟಿಸ್ ಕೊಟ್ಟವರು, ಹೆರಿಗೆ ರಜೆಯಿಂದ ಮರಳಿದವರು. 26 ವಾರಗಳ ಆ ರಜೆ 2017ರ ತಿದ್ದುಪಡಿಯಿಂದ ಬಂದ ಕಾನೂನಿನ ಹಕ್ಕು. ಅದನ್ನು ಬಳಸಿಕೊಂಡವರ ರೇಟಿಂಗ್ ಇಳಿಸಿದ್ದಕ್ಕೆ ಕಾರಣವನ್ನು ಲಿಖಿತವಾಗಿ ಕೊಡಬಲ್ಲಿರಾ?